ಇಪ್ಪತ್ತನಾಲ್ಕನೆಯ ನಂಬರಿನ ಮನೆ

ಬೋಜಮ್ಮನವರ ವಿಷಯ ಬರೆಯಬೇಕಾದರೆ ಮೊದಲು ನನ್ನ ದಡ್ಡತನದ ವಿಷಯ ಬರೆಯಬೇಕಾಗುತ್ತದೆ. ಅದಕ್ಕೇ ಇಷ್ಟು ವರ್ಷ ಸುಮ್ಮನಿದ್ದೆ. ಈಗ ಪಿಂಚಣಿ ತಿನ್ನುತ್ತ ಕೂತಿದ್ದೇನೆ, ಮುಂದಿನ ಮೂರು ಹಲ್ಲೂ ಹೋಗಿವೆ. ಇನ್ನು ನಾಚಿಕೊಂಡು ಯಾರನ್ನು ಮೆಚ್ಚಿಸಬೇಕು?

ನಾನು ಫ್ರೇಜರ್‌ಪೇಟೆಯವನು. ಕಾವೇರಿಯ ಆಚೆ ದಡ ಮೈಸೂರು ಸೀಮೆ, ಈಚೆ ದಡ ಕೊಡಗು. ಬಯಲಿನ ಬಿಸಿಲಲ್ಲಿ ಬೆಳೆದವನನ್ನು ಸರ್ಕಾರ ಗಾಳಿಬೀಡಿನ ಕಡೆಯ ಒಂದು ಹಳ್ಳಿಯ ಶಾಲೆಗೆ ಹಾಕಿತು. ಒಂದೇ ಕೋಣೆ, ಒಬ್ಬನೇ ಮೇಷ್ಟ್ರು, ಹೆಂಚು ಹಾರಿಸುವ ಗಾಳಿ. ನಾನು ಬಂದ ಎರಡನೆಯ ವರ್ಷ, ಸಾವಿರದ ಒಂಬೈನೂರ ಹನ್ನೊಂದರಲ್ಲಿ, ಖಾನೇಷುಮಾರಿ ಬಂತು. ಜನಗಣತಿಗೆ ಆಗ ಹಾಗೆ ಅನ್ನುತ್ತಿದ್ದರು. ಸರ್ಕಾರದ ಸಂಬಳ ತಿನ್ನುವವನು ಆ ಹಳ್ಳಿಯಲ್ಲಿ ನಾನೊಬ್ಬನೇ ಆದ್ದರಿಂದ ಎಣಿಸುವ ಕೆಲಸ ನನ್ನ ತಲೆಗೇ ಬಿತ್ತು.

ಮೊದಲು ಮನೆಗಳಿಗೆ ನಂಬರು ಹಾಕಬೇಕು. ಆಮೇಲೆ ಪ್ರತಿ ಮನೆಯ ಜನರನ್ನು ಕರಡಾಗಿ ಬರೆದುಕೊಳ್ಳಬೇಕು. ಕೊನೆಗೆ ಮಾರ್ಚ್ ಹತ್ತರಂದು ಮತ್ತೆ ಹೋಗಿ, ಇದ್ದವರನ್ನು ಇದ್ದಲ್ಲೇ ಕಂಡು ಪಕ್ಕಾ ಮಾಡಬೇಕು. ಮನೆ ಅಂದರೆ ಏನು ಅನ್ನುವುದಕ್ಕೂ ಅಚ್ಚಿನ ಪುಸ್ತಕವಿತ್ತು. ಸ್ವಂತ ಬಾಗಿಲು, ಸ್ವಂತ ಒಲೆ, ಎರಡೂ ಇದ್ದರೆ ಮನೆ. ಒಂದಿಲ್ಲದಿದ್ದರೂ ಮನೆಯಲ್ಲ. ಕಂದಾಯದ ಅಧಿಕಾರಿಯಾದ ಪಾರ್ಪತ್ಯಗಾರರು ಇದನ್ನು ನಮಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನಾನೂ ಟಾರಿನ ಡಬ್ಬಿ, ಕುಂಚ ಹಿಡಿದುಕೊಂಡು ಕೋಳಿಗೂಡನ್ನೂ ಬಿಡದೆ ಇಣುಕಿ ನೋಡುತ್ತ ಹೊರಟೆ.

ಇಪ್ಪತ್ತಮೂರನೆಯದು ನಾಣಯ್ಯನವರ ಮನೆ. ಗೌಡರ ಹಳೆಯ ಐನ್‌ಮನೆ, ಅಂದರೆ ಒಂದು ವಂಶದವರೆಲ್ಲ ಹುಟ್ಟಿ ಸಾಯುವ ಮೂಲಮನೆ. ಗದ್ದೆಯ ಮೇಲೆ ದಿಬ್ಬದಲ್ಲಿ ಕೂತಿತ್ತು. ಹದಿನೆಂಟು ಕಲ್ಲಿನ ಮೆಟ್ಟಿಲು, ಕೈಸಾಲೆಯ ಜಗಲಿಯಲ್ಲಿ ನನ್ನ ತೋಳಿಗೆ ಸಿಗದಷ್ಟು ದಪ್ಪನೆಯ ಹಲಸಿನ ಕಂಬಗಳು. ಬಾಗಿಲು ಮಾತ್ರ ತಗ್ಗು, ತಲೆ ಬಗ್ಗಿಸದೆ ಒಳಗೆ ಹೋಗುವ ಹಾಗಿಲ್ಲ. ಒಳಗಿನ ಮಣ್ಣುಗೋಡೆ ಎಷ್ಟು ದಪ್ಪ ಅಂದರೆ ನಡುಮನೆಯಲ್ಲಿ ಕೂತವರಿಗೆ ಗಾಳಿಬೀಡಿನ ಗಾಳಿಯೂ ಕೇಳಿಸದು ಎನ್ನುತ್ತಿದ್ದರು. ಅಡುಗೆಮನೆಯ ಹೊಗೆಗೆ ಮಾಡಿನ ಸಂದಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ನಾಣಯ್ಯನವರು ಆ ಮನೆಯ ಪಟ್ಟೇದಾರರು, ಎಂದರೆ ಯಜಮಾನರು. ಭೂಮಿ ಜಮ್ಮಾ ಭೂಮಿ. ಅದು ವಂಶಕ್ಕೆ ಸೇರಿದ್ದು, ಮಾರುವ ಹಾಗಿಲ್ಲ, ಪಾಲು ಮಾಡುವ ಹಾಗಿಲ್ಲ. ಆ ಒಲೆಯಲ್ಲಿ ಉಣ್ಣುವ ತನಕ ಎಲ್ಲರಿಗೂ ಅನ್ನ ಉಂಟು, ಒಲೆ ಬಿಟ್ಟು ಹೋದವರಿಗೆ ಏನೂ ಇಲ್ಲ. ಅವರು ನನ್ನನ್ನು ಕೈಸಾಲೆಯಲ್ಲಿ ಕೂರಿಸಿ, ಎಲೆಯಡಿಕೆ ಕೊಟ್ಟು, ಒಂದೊಂದೇ ಬೆರಳು ಮಡಿಸುತ್ತ ಹೆಸರು ಹೇಳಿದರು. ತಮ್ಮಂದಿರು, ಚಿಕ್ಕಪ್ಪನ ಮಕ್ಕಳು, ಸೊಸೆಯರು, ತೊಟ್ಟಿಲ ಕೂಸು, ಎಲ್ಲ ಸೇರಿ ಮೂವತ್ತಮೂರು ಜನ ಆದರು.

"ಇಷ್ಟೇ ತಾನೇ?" ಅಂದೆ.

ಮತ್ತೊಮ್ಮೆ ಬೆರಳು ಮಡಿಸಿ ನೋಡಿ, "ಇಷ್ಟೇ ಮೇಷ್ಟ್ರೆ. ಇನ್ನು ನಾಯಿ ಎರಡು ಉಟ್ಟು, ಬೇಕಾದ್ರೆ ಅದ್ನೂ ಬರ್ಕಣಿ" ಅಂದರು. ಉಟ್ಟು ಅಂದರೆ ಅವರ ಅರೆಭಾಷೆಯಲ್ಲಿ ಇದೆ ಎಂದರ್ಥ. ಕೂತವರೆಲ್ಲ ನಕ್ಕರು, ನಾನೂ ನಕ್ಕೆ.

ಅಲ್ಲಿಂದ ಮುಂದಿನ ಮನೆಗೆ ಕೊಟ್ಟಿಗೆಯ ಹಿಂದಿನ ಅಡ್ಡದಾರಿ ಹಿಡಿದೆ. ಅಂಗಳ ಮುಗಿದು ಕಾಡುಮರ ಶುರುವಾಗುವಲ್ಲಿ ಹುಲ್ಲು ಹೊದಿಸಿದ ಒಂದು ಗುಡಿಸಲು ಕಂಡಿತು, ಹೊಗೆ ಏಳುತ್ತಿತ್ತು. ಹೊಸ್ತಿಲ ಮೇಲೆ ಕಾಲು ಚಾಚಿಕೊಂಡು ಎತ್ತರದ ಹೆಂಗಸೊಬ್ಬರು ಕೂತಿದ್ದರು. ತಲೆ ಅರ್ಧ ನರೆತಿತ್ತು. ಮೂರು ಕಲ್ಲಿನ ಒಲೆಯ ಮೇಲೆ ಅಂಗೈಯಗಲದ ಮಡಕೆ ಬೇಯುತ್ತಿತ್ತು. ಏನೂ ಕೆಲಸ ಮಾಡದೆ ಸುಮ್ಮನೆ ಕೂತ ಹೆಂಗಸನ್ನು ಆ ಹಳ್ಳಿಯಲ್ಲಿ ನಾನು ಕಂಡದ್ದು ಅದೇ ಮೊದಲು.

"ಈ ಮನೆಯ ಯಜಮಾನರು ಯಾರಮ್ಮ?"

ಅವರು ನನ್ನನ್ನೂ ಡಬ್ಬಿಯನ್ನೂ ನೋಡಿದರು. "ಇಲ್ಲಿ ಬೇರೆ ಯಾರೂ ಇಲ್ಲೆ. ನಾನೇ ಇರುದು."

"ಒಲೆ?"

"ನಂದೇ. ಆ ಮನೆ ಬೆಂಕಿನೂ ಇಲ್ಲಿಗೆ ತರುವಂಗಿಲ್ಲೆ."

ಹೆಸರು ಕೇಳಿದೆ. ಬೋಜಮ್ಮ ಅಂದರು. ಗಂಡ ಇಲ್ಲ, ಮಕ್ಕಳಿಲ್ಲ. ಹೇಳಿದ್ದು ಒಂದೂ ಸುಳ್ಳಲ್ಲ. ಬಾಗಿಲಿದೆ, ಒಲೆಯಿದೆ, ಮನುಷ್ಯರಿದ್ದಾರೆ, ಸರ್ಕಾರಕ್ಕೆ ಇನ್ನೇನು ಬೇಕು? ಕುಂಚ ಅದ್ದಿ ಗೋಡೆಯ ಹತ್ತಿರ ಹೋದೆ.

"ಗೋಡೆಗೆ ಬೊಡ. ಮಣ್ಣು ಉದುರ್ತದೆ. ಬಾಗ್ಲಿಗೆ ಬರೀರಿ" ಅಂದರು ಅವರು, ಎದ್ದು ದಾರಿ ಬಿಟ್ಟು.

ಹಲಸಿನ ಒಂಟಿ ಹಲಗೆಯ ಬಾಗಿಲು. ಅದರ ಮೇಲೆ ದಪ್ಪವಾಗಿ ಇಪ್ಪತ್ತನಾಲ್ಕು ಎಂದು ಬರೆದೆ. ಇದು ಎಂತದು ಎಂದು ಕೇಳಿದರು. ನಿಮ್ಮ ಮನೆಯ ನಂಬರು ಅಂದೆ. ನಾನು ಗದ್ದೆಯ ಬದುವಿಗೆ ಇಳಿದು ತಿರುಗಿ ನೋಡಿದಾಗಲೂ ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲು ನೋಡುತ್ತ ನಿಂತಿದ್ದರು.

ಮಾರನೆಯ ದಿನ ನಾಣಯ್ಯನವರು ಶಾಲೆಗೆ ಬಂದರು. ಹುಡುಗರನ್ನು ಹೊರಗೆ ಕಳಿಸಿ ಅಂದರು. ಕಳಿಸಿದೆ.

"ಆ ಗುಡಿಸ್ಲು ಮನೆ ಅಲ್ಲ ಮೇಷ್ಟ್ರೆ."

"ಬಾಗಿಲಿದೆ, ಒಲೆಯಿದೆ" ಅಂದೆ.

"ಉಟ್ಟು. ಆದ್ರೂ ಮನೆ ಅಲ್ಲ. ಅದು ಹೆಂಗಸ್ರ ಜಾಗ. ಹೊರಗಾದವು ಮೂರು ದಿನ ಕೂರುದು." ಮಾಡಿನ ಜಂತೆಗಳನ್ನು ಎಣಿಸುತ್ತ ಇಷ್ಟು ಹೇಳಿದರು. ಆಮೇಲೆ ನನ್ನ ಕೈ ನೋಡಿ, "ನೀವು ಆ ಬಾಗ್ಲು ಮುಟ್ಟಿದ್ರಿ ತಾನೇ? ಮಿಂದಿರಾ?" ಅಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಪೇಟೆಯಲ್ಲಿ ಮುಟ್ಟಾದವರು ಹಿತ್ತಿಲ ಜಗಲಿಯಲ್ಲಿ ಕೂರುತ್ತಾರೆ. ಅದಕ್ಕೊಂದು ಗುಡಿಸಲು, ಅದಕ್ಕೊಂದು ಒಲೆ ಇರುತ್ತದೆಂದು ಯಾವ ಮೇಷ್ಟ್ರು ನನಗೆ ಕಲಿಸಿದ್ದ? ತಪ್ಪಾಯಿತು ಎಂದು ಪಾರ್ಪತ್ಯಗಾರರಿಗೆ ಎರಡು ಸಾಲು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮುಟ್ಟಿನ ಗುಡಿಸಲಿಗೆ ನಂಬರು ಹಾಕಿದ ಮೇಷ್ಟ್ರು ಎಂದು ಮಡಿಕೇರಿಯ ಕಚೇರಿಯೆಲ್ಲ ನಗುವುದು ಕಣ್ಣಿಗೆ ಕಟ್ಟಿತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೆದರಿದವನಿಗೆ ಸಿಟ್ಟು ಬೇಗ ಬರುತ್ತದೆ. "ಸರ್ಕಾರಿ ನಂಬರು ಅಳಿಸೋದು ಅಪರಾಧ" ಅಂದುಬಿಟ್ಟೆ. "ನೀವು ಹೇಳಿದ ಮೂವತ್ತಮೂರರಲ್ಲಿ ಅವರ ಹೆಸರೇ ಇರಲಿಲ್ಲವಲ್ಲ."

ನಾಣಯ್ಯನವರ ಬೆರಳುಗಳು ತೊಡೆಯ ಮೇಲೆ ತಾವಾಗಿ ಮಡಿಯತೊಡಗಿದವು. ಕೊನೆಯ ಬೆರಳಿಗೆ ಬಂದು ನಿಂತವು. "ಅತ್ತಿಗೆ," ಅಂದರು ಮೆಲ್ಲಗೆ. "ನನ್ನ ಅಣ್ಣನ ಹೆಣ್ತಿ. ಹೊರಗೆ ಇದ್ರಲ್ಲ, ಹಾಂಗೆ ಬಿಟ್ಟು ಹೋತು."

ಅವರಿಗೆ ನಿಜವಾಗಿ ನಾಚಿಕೆಯಾಯಿತು, ಅದನ್ನು ಇಲ್ಲಿ ಬರೆಯಲೇಬೇಕು. ನಾಚಿಕೆಯ ಹಿಂದೆಯೇ ಭಯವೂ ಇತ್ತು. ಒಂದೇ ಅಂಗಳದಲ್ಲಿ ಎರಡು ಮನೆ ಎಂದು ಸರ್ಕಾರವೇ ಬರೆದರೆ, ನಾಳೆ ಚಿಕ್ಕಪ್ಪನ ಮಕ್ಕಳು ತಲೆಗೊಂದು ಒಲೆ ಹೂಡಿ ನಮಗೂ ನಂಬರು ಹಾಕಿ ಅನ್ನುತ್ತಾರೆ. ಒಲೆ ಬೇರೆಯಾದರೆ ಮನೆ ಒಡೆಯಿತು, ಮನೆ ಒಡೆದರೆ ಪಟ್ಟೆ ಉಳಿಯದು. ಇದನ್ನೆಲ್ಲ ಹೇಳಿ, "ಮಾರ್ಚ್ ಹತ್ತಕ್ಕೆ ಅಲ್ಲಿ ಯಾರೂ ಇಲ್ಲದಿದ್ರೆ?" ಎಂದು ಕೇಳಿದರು.

"ಖಾಲಿ ಮನೆ ಅಂತ ಬರೀತೀನಿ. ಅದು ಲೆಕ್ಕದಿಂದ ಬಿಟ್ಟುಹೋಗುತ್ತೆ."

"ಹಾಂಗಾದ್ರೆ ಆತ್" ಎಂದು ಎದ್ದು ಹೋದರು.

ಅಷ್ಟಕ್ಕೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆ ದಿನ ಬೋಜಮ್ಮನವರ ವಯಸ್ಸು ಬರೆದುಕೊಳ್ಳುವುದನ್ನು ಮರೆತಿದ್ದೆ. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಆ ದಾರಿಯಲ್ಲಿ ಹೋಗುವಾಗ ಗುಡಿಸಲಲ್ಲಿ ಹೊಗೆ ಕಂಡಿತು. ಈ ಸಲ ಬುದ್ಧಿ ಬಂದಿತ್ತು, ಹತ್ತು ಮಾರು ದೂರದ ಬಂಡೆಯ ಮೇಲೆ ಕೂತೆ. ಬೋಜಮ್ಮನವರ ಜೊತೆ ನಾಣಯ್ಯನವರ ಸೊಸೆ ಯಮುನಳೂ ಇದ್ದಳು. ಹತ್ತೊಂಬತ್ತು ವರ್ಷದ ಹುಡುಗಿ, ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಬೋಜಮ್ಮ ಅವಳಿಗೆ ಗಂಜಿ ಆರಿಸುತ್ತಿದ್ದರು.

ವಯಸ್ಸು ಕೇಳಿದೆ.

"ನಂಗೆ ಗೊತ್ತಿಲ್ಲೆ. ಬಿದಿರಕ್ಕಿ ಬಿದ್ದ ವರ್ಷ ಇಲ್ಲಿಗೆ ಮದುವೆ ಆಗಿ ಬಂದದ್ದ್. ಆಗ ಹದಿನಾರು ಅಂತ ಅವ್ವ ಹೇಳ್ತಿತ್ತ್. ನೀವೇ ಲೆಕ್ಕ ಹಾಕ್ಕಣಿ."

ಬಿದಿರು ಹೂಬಿಟ್ಟು ಅಕ್ಕಿ ಉದುರುವುದು ತಲೆಮಾರಿಗೊಮ್ಮೆ, ಅದನ್ನೇ ಗುರುತಾಗಿ ಬರೆದುಕೊಂಡೆ. ಅವರೇ ಮುಂದುವರಿಸಿದರು. ಮದುವೆಯಾಗಿ ಮೂರನೆಯ ವರ್ಷ ಗಂಡ ಚಳಿಜ್ವರದಲ್ಲಿ ಹೋದ. ಮೈದುನನನ್ನೇ ಕೂಡಿಕೆಯಾಗು, ಅಂದರೆ ಮರುಮದುವೆಯಾಗು, ಎಂದು ಮನೆಯವರು ಹೇಳಿದರು. ಅದು ಅವರಲ್ಲಿ ತಪ್ಪಲ್ಲ. ಬೋಜಮ್ಮ ಒಲ್ಲೆ ಅಂದರು. ತಮ್ಮನ ಹಾಗೆ ಕಂಡ ನಾಣಯ್ಯನ ಜೊತೆ ಹೇಗೆ ಬಾಳಲಿ ಎಂಬುದು ಅವರ ಮಾತು. ತವರಿಗೆ ಹೋದರೆ ಅಣ್ಣ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಾಲ್ಕು ದಿನ ಉಣ್ಣಿಸಿ ತಿರುಗಿ ತಂದುಬಿಟ್ಟ. ಅಂದಿನಿಂದ ಐನ್‌ಮನೆಯ ಅಡುಗೆಮನೆ ಅವರ ಪಾಲಿಗೆ. ಬೆಳಗ್ಗೆ ಒಂದು ಹಂಡೆ, ಸಂಜೆ ಒಂದು ಹಂಡೆ. ಅಷ್ಟು ದೊಡ್ಡ ಮನೆಯಲ್ಲಿ ಅವರಿಗೆಂದು ಕೋಣೆ ಇರಲಿಲ್ಲ. ಗಂಡ ಇದ್ದವರಿಗೆ ಕೋಣೆಗಳು, ಇವರಿಗೆ ಅಡುಗೆಮನೆಯ ಬಾಗಿಲಲ್ಲಿ ಮಕ್ಕಳ ಸಾಲಿನ ಕೊನೆಗೊಂದು ಚಾಪೆ.

"ಇಲ್ಲಿ ಎಂತ ಸುಖ ಗೊತ್ತುಟ್ಟಾ ಮೇಷ್ಟ್ರೆ? ಒಬ್ಳಿಗೆ ಬೇಯ್ಸುದು. ಒಂದು ಮುಷ್ಟಿ ಅಕ್ಕಿ ಹಾಕಿದ್ರೆ ಆತ್. ಉಪ್ಪು ಕಡ್ಮೆ ಆದ್ರೆ ನಂಗೇ ಕಡ್ಮೆ." ಹೀಗೆ ಹೇಳಿ ನಕ್ಕರು. "ತಿಂಗ್ಳಿಗೆ ಮೂರು ದಿನ ಯಾರೂ ನನ್ನ ಹೆಸ್ರು ಹಿಡ್ದು ಕೂಗದಿಲ್ಲೆ."

ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ, ತಗ್ಗಿದ ದನಿಯಲ್ಲಿ ಕೇಳಿದರು. "ಸರ್ಕಾರ ನಂಬರ್ ಹಾಕಿದ ಮೇಲೆ ಇದ್ ನಂದೇ ಆದೆಯಾ? ಮೂರು ದಿನಕ್ಕೆ ಅಲ್ಲ, ದಿನಾ?"

ಇಲ್ಲ ಅನ್ನಬೇಕಿತ್ತು. ಇದು ಬರೀ ತಲೆ ಎಣಿಸುವ ಲೆಕ್ಕ, ಇದರಿಂದ ಯಾರಿಗೂ ಒಂದು ಗೇಣು ನೆಲ ಸಿಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇಡೀ ಹಳ್ಳಿಯಲ್ಲಿ ನನ್ನ ಟಾರಿನ ಅಕ್ಷರಕ್ಕೆ ಬೆಲೆ ಕೊಟ್ಟವರು ಅವರೊಬ್ಬರೇ. ನಾಲಿಗೆ ಜಾರಿತು. "ಮಾರ್ಚ್ ಹತ್ತರಂದು ನೀವು ಈ ಒಲೆಯ ಮುಂದೆ ಇದ್ದರೆ, ಇಪ್ಪತ್ತನಾಲ್ಕರ ಯಜಮಾನಿ ಬೋಜಮ್ಮ ಅಂತ ಬರೆಯಲೇಬೇಕು. ಬರೆದಮೇಲೆ ಯಾರೂ ಅಳಿಸೋ ಹಾಗಿಲ್ಲ" ಅಂದೆ. ಅಂದಮೇಲೆ ತಾನೇ ನೆನಪಾದದ್ದು, ಆ ದಿನ ಇರುವುದು ಬಿಡುವುದು ಹೆಂಗಸಿನ ಕೈಯಲ್ಲಿಲ್ಲ ಎಂದು. ನನ್ನ ಮುಖ ಬಿಸಿಯಾಯಿತು.

ಯಮುನ ಚಾಪೆಯಲ್ಲೇ ಹೊರಳಿ ನಕ್ಕಳು. "ದೊಡ್ಡತ್ತೆ ಇರೊಕು ಅಂದ್ರೆ ಇದ್ದೇ ಇದ್ದದೆ" ಅಂದಳು. ಇರೊಕು ಅಂದರೆ ಇರಬೇಕು.

"ಸುಮ್ನೆ ಗಂಜಿ ಕುಡಿ ಗೂಡೆ" ಎಂದು ಬೋಜಮ್ಮ ಆ ಹುಡುಗಿಯನ್ನು ಗದರಿದರು.

ಮಾರ್ಚ್ ಹತ್ತು ಬಂತು. ಬೇರೆ ಕಡೆ ರಾತ್ರಿ ಎಣಿಕೆಯಂತೆ, ಕಾಡುದಾರಿಯ ನಮಗೆ ಹಗಲೇ ಮುಗಿಸಲು ಅಪ್ಪಣೆಯಿತ್ತು. ನಾನು ಹೋಗುವಾಗ ಬೆಳಗಿನ ಬಿಸಿಲು ಅಂಗಳಕ್ಕೆ ಇಳಿದಿತ್ತು. ಇಪ್ಪತ್ತಮೂರರ ಜನರೆಲ್ಲ ಕೊಟ್ಟಿಗೆಯ ಪಕ್ಕ ಗುಂಪಾಗಿ ನಿಂತಿದ್ದರು. ಆಚೆ ಕಾಡಿನಂಚಲ್ಲಿ ಗುಡಿಸಲಿನಿಂದ ಹೊಗೆ ಏಳುತ್ತಿತ್ತು. ಬೋಜಮ್ಮ ಹಿಂದಿನ ಸಂಜೆಯೇ, ಹೊರಗಾದೆ ಎಂದು ಹೇಳಿ ಚಾಪೆ ಸುತ್ತಿಕೊಂಡು ಹೋಗಿದ್ದರು.

ನಾಣಯ್ಯನವರು ಮಾಡುವುದೇನು? ಒಳಗೆ ಹೋಗುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಮೂವತ್ತಮೂರು ಜನರ ಯಜಮಾನ ಹತ್ತು ಮಾರು ದೂರದಲ್ಲಿ ನಿಂತು ಮೀಸೆ ಕಚ್ಚುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಮೈಲಿಗೆಯನ್ನೇ ಕೋಟೆ ಮಾಡಿಕೊಂಡು ಕೂತ ಆ ಹೆಂಗಸಿನ ಧೈರ್ಯ ಕಂಡು, ನಾನೇ ಗೆದ್ದವನ ಹಾಗೆ ಪುಸ್ತಕ ಬಿಚ್ಚಿದೆ. ಬರೆದದ್ದನ್ನು ಮನೆಯವರ ಎದುರು ಗಟ್ಟಿಯಾಗಿ ಓದಿ, ಸರಿಯೇ ಎಂದು ಕೇಳಬೇಕು ಎಂಬುದು ನಿಯಮ. ಓದಿದೆ.

"ಮನೆ ನಂಬರು ಇಪ್ಪತ್ತನಾಲ್ಕು. ಬೋಜಮ್ಮ. ಯಜಮಾನಿ. ವಿಧವೆ. ವಯಸ್ಸು ಐವತ್ತೆರಡು."

ಹಿಂದೆ ನಿಂತ ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಕಿಸಕ್ಕನೆ ನಕ್ಕಳು.

"ಎಷ್ಟ್ ಅಂದ್ರಿ?" ಅಂದರು ನಾಣಯ್ಯನವರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಿದಿರಕ್ಕಿಯ ವರ್ಷ ಯಾವುದೆಂದು ಪಟೇಲರನ್ನು ಕೇಳಿ, ಸ್ಲೇಟಿನಲ್ಲಿ ಕೂಡಿ, ತಪ್ಪಿಲ್ಲದೆ ಬರೆದ ಲೆಕ್ಕ ಅದು. ಮೂವತ್ತಾರಕ್ಕೆ ಹದಿನಾರು ಕೂಡಿಸಿದರೆ ಐವತ್ತೆರಡು. ಆ ಮನೆಯಲ್ಲಿ ದನಕರುಗಳ ವಯಸ್ಸು ಎಲ್ಲರಿಗೂ ಗೊತ್ತಿತ್ತು, ಬೋಜಮ್ಮನ ವಯಸ್ಸನ್ನು ಯಾರೂ ಎಣಿಸಿರಲಿಲ್ಲ. ಐವತ್ತೆರಡರ ಹೆಂಗಸು ತಿಂಗಳು ತಿಂಗಳು ಹೊರಗೆ ಕೂರುವುದು ಏಕೆ? ಆ ಪ್ರಶ್ನೆ ಅಲ್ಲಿದ್ದ ಎಲ್ಲರ ಮುಖದ ಮೇಲೂ ಒಟ್ಟಿಗೇ ಬಂತು. ಯಮುನ ತಲೆ ತಗ್ಗಿಸಿ ನಿಂತಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಬೋಜಮ್ಮ ಹೊಸ್ತಿಲಿಗೆ ಬಂದು ನಿಂತಿದ್ದರು.

ನಾನು ಗಡಿಬಿಡಿಯಿಂದ, "ಲೆಕ್ಕ ತಪ್ಪಿರಬೇಕು. ನಲವತ್ತೆರಡು ಇರಬಹುದು. ನಲವತ್ತೆರಡು ಅಲ್ಲವೇ ಅಮ್ಮ?" ಅಂದೆ. ಹೌದು ಅನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಒಂದೇ ಒಂದು ಹೌದು ಸಾಕಿತ್ತು.

ಅವರು ನನ್ನನ್ನು ನೋಡಲೇ ಇಲ್ಲ. "ಐವತ್ತೆರಡಾ?" ಎಂದು ತಮಗೇ ಹೇಳಿಕೊಂಡರು. "ಹಾಂಗಾದ್ರೆ ಇಲ್ಲಿಗೆ ಬಂದು ಮೂವತ್ತಾರು ವರ್ಷ ಆತಾ?"

"ನಲವತ್ತೆರಡು ಅಂತ ತಿದ್ದುತ್ತೇನಮ್ಮ."

"ಬೊಡ ಮೇಷ್ಟ್ರೆ. ಮೂವತ್ತಾರು ವರ್ಷನೂ ಬೇಯ್ಸಿದ್ದು ನಾನೇ. ಅದ್ರಲ್ಲಿ ಹತ್ತು ವರ್ಷ ನಾ ಯಾರಿಗೂ ಬಿಟ್ಟು ಕೊಡದಿಲ್ಲೆ." ಆಮೇಲೆ ನಾಣಯ್ಯನವರ ಕಡೆ ತಿರುಗಿದರು. ದನಿ ಏರಲಿಲ್ಲ. "ನಂಗೆ ಅದು ನಿಂತು ಎರಡು ವರ್ಷ ಆತ್ ನಾಣಯ್ಯ. ನಾನು ಹೊರಗಾಗಿ ಇಲ್ಲಿಗೆ ಬರುದಲ್ಲ. ನಂಗೆ ಇಲ್ಲಿ ಇರಕೆ ಆಸೆ. ಹಾಂಗೆ ಬರುದು. ಅದ್ನೇ ಬರೀರಿ ಮೇಷ್ಟ್ರೆ, ಆಸೆಯಿಂದ ಇದ್ದದೆ ಅಂತ."

ಆ ಪುಸ್ತಕದಲ್ಲಿ ಹದಿನಾರು ಕಾಲಮುಗಳಿದ್ದವು. ಜಾತಿಗೆ ಉಂಟು, ಕಸುಬಿಗೆ ಉಂಟು, ಕುರುಡರಿಗೆ ಕಿವುಡರಿಗೆ ಉಂಟು. ಆಸೆಗೆ ಒಂದೂ ಇರಲಿಲ್ಲ.

ನಾಣಯ್ಯನವರು ಮುಂದೆ ನಡೆದರು. ಮೈಲಿಗೆ ಇಲ್ಲ ಎಂದಮೇಲೆ ಅವರನ್ನು ತಡೆಯುವುದು ಏನಿತ್ತು? ಬಗ್ಗಿ ಒಳಗೆ ಹೋದರು. ಕೂಗಲಿಲ್ಲ, ಬೈಯಲಿಲ್ಲ. ಬೇಯುತ್ತಿದ್ದ ಮಡಕೆಯನ್ನು ಪಂಚೆಯ ತುದಿಯಲ್ಲಿ ಹಿಡಿದು ತಂದು ಯಮುನಳ ಕೈಗೆ ಕೊಟ್ಟರು. ಕೊಳ್ಳಿಗಳನ್ನು ಹೊರಗೆಳೆದು ಮಣ್ಣಿಗೆ ಒತ್ತಿದರು. ಆಮೇಲೆ ಒಲೆಯ ಮೂರು ಕಲ್ಲುಗಳನ್ನು ಒಂದೊಂದಾಗಿ ಕೈಯಲ್ಲೇ ಎತ್ತಿ ತಂದು ಅಂಗಳದಲ್ಲಿಟ್ಟರು. ಕಲ್ಲು ಸುಡುತ್ತಿದ್ದವು, ಅವರ ಅಂಗೈ ಕೆಂಪಾಗಿತ್ತು.

"ಅತ್ತಿಗೆ, ಆಸೆ ನಿಮ್ಗೊಬ್ರಿಗೇ ಅಂತ ತಿಳ್ದಿರಾ? ಮೂವತ್ತನಾಲ್ಕು ಜನಕ್ಕೆ ಅನ್ನ ಹುಟ್ಸೊಕು. ನಂಗೂ ಎಷ್ಟೋ ದಿನ ಎಲ್ಲಿಗಾದ್ರೂ ಓಡಿ ಹೋಗೊಕು ಅನ್ಸಿಟ್ಟು. ಹೋಗುದು ಎಲ್ಲಿಗೆ?" ಅಂದರು. ಈ ಸಲ ಮೂವತ್ತನಾಲ್ಕು ಎಂದರು, ಗಮನಿಸಿದೆ. ಆಮೇಲೆ ನನ್ನತ್ತ ನೋಡಿದರು. "ಈಗ ನಿಮ್ಮ ಪುಸ್ತಕ ಎಂತ ಹೇಳ್ತದೆ ಮೇಷ್ಟ್ರೆ? ಒಲೆ ಇಲ್ಲದ್ದು ಮನೆಯಾ?"

ನನ್ನ ಮಗ್ಗಿಯನ್ನೇ ನನಗೆ ಒಪ್ಪಿಸಿದ್ದರು. ಅಲ್ಲ, ಇದು ಮನೆಯೇ, ನಾನು ನೋಡುವಾಗ ಒಲೆ ಉರಿಯುತ್ತಿತ್ತು ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಹೇಳಿದ್ದರೆ ಮಡಿಕೇರಿಯವರೆಗೆ ಜಗಳ ಹೋಗುತ್ತಿತ್ತು, ನನ್ನ ಕೆಲಸ ಹೋಗುತ್ತಿತ್ತು. ನಾನು ಹೇಳಲಿಲ್ಲ. ಇಪ್ಪತ್ತನಾಲ್ಕರ ಸಾಲನ್ನು ಹೊಡೆದುಹಾಕಿ ಖಾಲಿ ಎಂದು ಬರೆದೆ. ಇಪ್ಪತ್ತಮೂರರ ಕೊನೆಗೆ, ತೊಟ್ಟಿಲ ಕೂಸಿನ ಕೆಳಗೆ, ಬೋಜಮ್ಮ ಎಂದು ಸೇರಿಸಿದೆ.

"ಬನ್ನಿ ದೊಡ್ಡತ್ತೆ" ಎಂದು ಯಮುನ ಅವರ ತೋಳು ಹಿಡಿದಳು. ಬೋಜಮ್ಮ ಬಿಡಿಸಿಕೊಳ್ಳಲಿಲ್ಲ. ತಾವಾಗಿ ಚಾಪೆ ಸುತ್ತಿಕೊಂಡು, ಅಂಗಳ ದಾಟಿ, ಹದಿನೆಂಟು ಮೆಟ್ಟಿಲು ಹತ್ತಿ, ಆ ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದರು. ಅರ್ಧ ಬೆಂದ ಅನ್ನದ ಮಡಕೆ ಹಿಡಿದುಕೊಂಡು ಯಮುನ ಹಿಂದೆ ಹೋದಳು.

ವಾರದೊಳಗೆ ನಾಣಯ್ಯನವರು ಗುಡಿಸಲು ಕೀಳಿಸಿದರು. ಇನ್ನೊಬ್ಬ ಮೇಷ್ಟ್ರು ಬಂದು ಇನ್ನೊಂದು ನಂಬರು ಹಾಕುವುದು ಬೇಡ ಎಂದಿದ್ದರಂತೆ. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು. ನನ್ನಿಂದಾಗಿ ಆ ಮನೆಯ ಹುಡುಗಿಯರಿಗೆಲ್ಲ ಇದ್ದ ಮೂರು ದಿನದ ಸುಖವೂ ಹೋಯಿತು. ಅಲ್ಲಿಂದ ಮುಂದೆ ಅವರು ಕೊಟ್ಟಿಗೆಯ ಮೂಲೆಯಲ್ಲಿ, ಎಮ್ಮೆಯ ಪಕ್ಕ ಕೂರಬೇಕಾಯಿತು. ನೀವು ಸುಮ್ಮನೆ ನಲವತ್ತೆರಡು ಅಂದಿದ್ದರೆ ಆಗುತ್ತಿತ್ತು ಎಂದು ಹೇಳಿ ಯಮುನ ಒಂದು ವರ್ಷ ದೊಡ್ಡತ್ತೆಯ ಜೊತೆ ಮಾತು ಬಿಟ್ಟಳಂತೆ. ಇದೆಲ್ಲ ಆಮೇಲೆ ತಿಳಿಯಿತು. ಆ ದಿನದಿಂದ ನಾನು ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟೆ. ಅದೇ ಜೂನಿನಲ್ಲಿ ನನ್ನ ಕೆಲಸ ಖಾಯಂ ಆಯಿತು.

ಹತ್ತು ವರ್ಷ ಕಳೆದು ಇಪ್ಪತ್ತೊಂದರಲ್ಲಿ ಮತ್ತೆ ಖಾನೇಷುಮಾರಿ ಬಂದಾಗ, ಎಣಿಸುವವನು ಮತ್ತೆ ನಾನೇ. ನಡುವೆ ಹದಿನೆಂಟನೆಯ ಇಸವಿಯ ಜ್ವರ ಬಂದು ಹೋಗಿತ್ತು. ನಾಣಯ್ಯನವರು ಆ ಜ್ವರದಲ್ಲೇ ಹೋದರು, ಇಬ್ಬರು ತಮ್ಮಂದಿರೂ ಹೋದರು. ಕೆಲವರು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಹಿಡಿದು ದೂರ ಹೋಗಿದ್ದರು. ಯಮುನಳೇ ಈಗ ಮನೆಯ ಹಿರಿಸೊಸೆ. ಮೂವತ್ತನಾಲ್ಕು ಜನರಿದ್ದ ಮನೆಯಲ್ಲಿ ಹದಿನೆಂಟು ಹೆಸರು ಹೇಳಿ ಅವಳು ನಿಲ್ಲಿಸಿದಳು.

"ಬೋಜಮ್ಮನವರು?" ಅಂದೆ.

"ಒಳ್ಗೆ ಉಟ್ಟು. ಹತ್ತೊಂಬತ್ತು ಮಾಡಿ. ಕಾಲು ಬರದಿಲ್ಲೆ, ನೀವೇ ಹೋಗಿ ಮಾತಾಡ್ಸಿ."

ತಲೆ ಬಗ್ಗಿಸಿ ಮೊದಲ ಸಲ ಆ ಮನೆಯ ಒಳಗೆ ಹೋದೆ. ಖಾಲಿ ಕೋಣೆಗಳ ಬಾಗಿಲು ತೆರೆದೇ ಇದ್ದವು. ಅಷ್ಟು ಕೋಣೆ ಖಾಲಿಯಿದ್ದರೂ ಬೋಜಮ್ಮ ಅಡುಗೆಮನೆಯ ಬಾಗಿಲಲ್ಲೇ, ತಮ್ಮ ಹಳೆಯ ಜಾಗದಲ್ಲೇ ಕೂತಿದ್ದರು. ಕಣ್ಣು ಮಂಜಾಗಿತ್ತು, ದನಿಯಿಂದ ನನ್ನನ್ನು ಗುರುತು ಹಿಡಿದರು.

"ಮೇಷ್ಟ್ರಾ? ಅರುವತ್ತೆರಡು ಬರೀರಿ. ಈ ಸಲ ನಾನೇ ಲೆಕ್ಕ ಇಟ್ಟಿದೆ."

ಬರೆದೆ. ಅವರು ತಾವು ಕೂತಿದ್ದ ಚಾಪೆಯ ಅಂಚನ್ನು ಮೆಲ್ಲಗೆ ಮಡಿಸಿದರು. ಕೆಳಗೆ ಹಲಸಿನ ಒಂಟಿ ಹಲಗೆ ಇತ್ತು. ಟಾರಿನ ಎರಡು ಅಂಕಿಗಳು ಮಾಸದೆ ಹಾಗೇ ಇದ್ದವು. ಗುಡಿಸಲು ಕೀಳುವ ದಿನ ನಾಣಯ್ಯನ ಹತ್ತಿರ ಅದೊಂದನ್ನು ಕೇಳಿ ತಂದು, ಹತ್ತು ವರ್ಷದಿಂದ ಅದರ ಮೇಲೇ ಮಲಗುತ್ತಿದ್ದರು.

"ಬಾಗ್ಲು ನಂದೇ ಉಟ್ಟು ಮೇಷ್ಟ್ರೆ," ಅಂದರು, ಹಲಗೆ ಸವರುತ್ತ. "ಒಲೆ ಮಾತ್ರ ಇಲ್ಲೆ. ಇದ್ ಲೆಕ್ಕಕ್ಕೆ ಬಂದದೆಯಾ?"

ನಾನು ಪುಸ್ತಕ ನೋಡಿದೆ. ನಿಯಮ ಬದಲಾಗಿರಲಿಲ್ಲ. ಇಲ್ಲ ಅಮ್ಮ ಅಂದೆ. ಹತ್ತು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತನ್ನು ಅವತ್ತು ಹೇಳಿದೆ. ಅವರು ತಲೆಯಾಡಿಸಿ ಚಾಪೆ ಸರಿಮಾಡಿಕೊಂಡರು. ಆ ಮನೆಯ ಹತ್ತೊಂಬತ್ತನೆಯ ಹೆಸರಾಗಿ ಅವರನ್ನು ಬರೆದುಕೊಂಡು ನಾನು ಹೊರಗೆ ಬಂದೆ.